ಒಂಬತ್ತನೇ ಶಿಲುಬೆ ಹತ್ತಿರ ಕೇಳಿದ ದನಿ

ಮೂಡಲಪಾಳ್ಯದಲ್ಲಿ ನಮ್ಮ ಬೀದಿ ಕೊನೇಲಿ ಒಂದು ಹಳೇ ಬಾವಿ ಇದೆ. ಈಗ ಮೇಲೆ ಕಬ್ಬಿಣದ ಜಾಲರಿ ಹೊದಿಸಿ, ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದಾರೆ. ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ಅಂಜನಮ್ಮನೋರು ತಂಗಿ ಚಿಕ್ಕಗಂಗಮ್ಮನ ಜೊತೆ ಛತ್ರದಲ್ಲಿ ಊಟ ಮುಗಿಸ್ಕೊಂಡು ಆ ಕಡೆಯಿಂದ ನಡ್ಕೊಂಡು ಬರ್ತಾ ಇದ್ರು. ಅಕ್ಕ ಮುಂದೆ. ತಂಗಿ ನಾಲ್ಕು ಹೆಜ್ಜೆ ಹಿಂದೆ. ರೋಡಲ್ಲಿ ಯಾರೂ ಇಲ್ಲ. ಟ್ರಾನ್ಸ್‌ಫಾರ್ಮರ್ ಮಾತ್ರ ಗುಂಯ್... ಅಂತಿತ್ತು.

ಬಾವಿ ಕಟ್ಟೆ ಹಿಂದಿಂದ ಒಂದು ನಾಯಿ ಬೌ ಅಂತ ಹಾರಿ ಚಿಕ್ಕಗಂಗಮ್ಮನ ಸೆರಗಿಗೇ ಬಾಯಿ ಹಾಕ್ತು.

ಅಂಜನಮ್ಮ ತಿರುಗಿದ್ರು. ನಾಯಿ ಕಡೆ ನೋಡ್ಲಿಲ್ಲ. ತಂಗಿ ಬಾಯಿ ನೋಡಿದ್ರು.

ಬಾಯಿ ಪೂರ್ತಿ ತೆರೆದಿತ್ತು. ಕತ್ತಿನ ನರ ಉಬ್ಬಿ ನಿಂತಿತ್ತು. ಆದ್ರೆ ದನಿ ಇಲ್ಲ... ಹಸ್ಸ್ ಅಂತ ಉಸಿರು ಬಂತು, ಅಷ್ಟೇ.

ಬೇರೆ ಯಾರೇ ಆಗಿದ್ರೂ ಅಯ್ಯೋ ಪಾಪ ಅಂತಿದ್ರು. ಅಂಜನಮ್ಮ ಅಲ್ಲ. "ಎಂಥಾ ಗಟ್ಟಿಗಿತ್ತಿ ಇವಳು" ಅಂತ ಮನಸ್ಸಲ್ಲೇ ಅಂದ್ಕೊಂಡ್ರು.

ಅಂಜನಮ್ಮನೋರ ಸ್ವಭಾವ ಮೊದ್ಲಿಂದ್ಲೂ ಹಂಗೇ. ಹಾಲಿನ ಪ್ಯಾಕೆಟ್ ತಗೊಂಡ್ರೆ ಕುಲುಕಿ ನೋಡ್ತಾರೆ. ಗ್ಯಾಸ್ ಸಿಲಿಂಡರ್ ತಂದವನನ್ನ ನಿಲ್ಲಿಸ್ಕೊಂಡು ಸೀಲು ಮುಟ್ಟಿ ನೋಡ್ತಾರೆ. ಯಾರಾದ್ರೂ ನಕ್ಕರೆ ಯಾಕೆ ನಕ್ಕ್ರು ಅಂತ ಎರಡು ದಿನ ಯೋಚ್ನೆ ಮಾಡ್ತಾರೆ. ಒಳ್ಳೇವ್ರೇ, ಕಷ್ಟಕ್ಕೆ ಆಗ್ತಾರೆ. ಆದ್ರೆ ನಂಬಿಕೆ ಅನ್ನೋದು ಅವರ ಜಾತಕದಲ್ಲೇ ಬರೆದಿಲ್ಲ.

ಚಿಕ್ಕಗಂಗಮ್ಮನಿಗೆ ಮಾತು ನಿಂತು ಆಗ ಎಂಟು ತಿಂಗಳಾಗಿತ್ತು. ಹೆಗ್ಗನಹಳ್ಳಿಗೆ ಕೊಟ್ಟಿದ್ರು ಅವಳನ್ನ. ಮಕ್ಕಳಿಲ್ಲ, ಗಂಡ ಹೆಂಡ್ತಿ ಇಬ್ಬರೇ. ಗಂಡ ಮುನಿರಾಮಯ್ಯ ಒಂದು ರಾತ್ರಿ ಎದೆ ಹಿಡ್ಕೊಂಡು ಮಂಚದ ಮೇಲೆ ಕೂತವ್ರು, ಬೆಳಗಾಗೋ ಹೊತ್ತಿಗೆ ಹೋಗ್ಬಿಟ್ಟಿದ್ರು. ಮಣ್ಣಿಗೆ ಹೋದವ್ರೆಲ್ಲ ಹೇಳ್ತಾರೆ, ಅವತ್ತು ಅವಳು ಅಳಲೇ ಇಲ್ಲ. ಅಳು ಇರ್ಲಿ, ಒಂದು ಮಾತೂ ಇಲ್ಲ. ಅಕ್ಕನ ಮುಖ ನೋಡಿದ್ಳಂತೆ, ಬಾಯಿ ತೆಗೆದಳಂತೆ... ಅಲ್ಲಿಗೆ ನಿಂತೋಯ್ತು.

ಅಂಜನಮ್ಮ ಅವಳನ್ನ ತಮ್ಮ ಮನೆಗೇ ಕರ್ಕೊಂಡು ಬಂದ್ರು. ಆಸ್ಪತ್ರೆ ಆಯ್ತು, ಮಾತ್ರೆ ಆಯ್ತು, ತಾಯತ ಆಯ್ತು. ಏನೂ ಪ್ರಯೋಜನ ಇಲ್ಲ. ಆಗ ಶುರುವಾಯ್ತು ಅಂಜನಮ್ಮನ ಅನುಮಾನ. ಇವಳು ಬೇಕಂತ್ಲೇ ಮಾಡ್ತಿದಾಳಾ? ತಂಗಿ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿ ನೋಡಿದ್ರು. ಬೆಚ್ಚಿದ್ಳು, ದನಿ ಬರ್ಲಿಲ್ಲ. ಅವಳು ಮಲಗಿದ ಮೇಲೆ ಬಾಗಿಲಿಗೆ ಕಿವಿ ಇಟ್ಟು ಕೂತ್ರು. ನಿದ್ದೇಲಾದ್ರೂ ಕನವರಿಸ್ತಾಳೇನೋ ಅಂತ. ಇಲ್ಲ. ಫ್ಯಾನು ಕಿರ್ ಕಿರ್ ಅನ್ನೋದು ಮಾತ್ರ ಕೇಳ್ಸೋದು.

ಎದುರುಮನೆ ಆರೋಗ್ಯಮ್ಮ ಗಾರ್ಮೆಂಟ್ಸಿಗೆ ಹೋಗೋರು, ಕ್ರಿಶ್ಚಿಯನ್ನರು. ಒಂದು ದಿನ ಗೇಟ್ ಹತ್ರ ನಿಂತು ಹೇಳಿದ್ರು.

"ಅಕ್ಕಾ, ಒಂದ್ಸಲ ಬೆಟ್ಟಕ್ಕೆ ಕರ್ಕೊಂಡು ಹೋಗಿ. ಮಾತೆ ಹತ್ರ ಹರಕೆ ಮಾಡ್ಕೊಳ್ಳಿ. ಎಲ್ಲಾ ಜನಾನೂ ಬರ್ತಾರೆ ಅಲ್ಲಿಗೆ."

"ಹೋದ್ರೆ ನಮ್ಮನ್ನೂ ಸೇರಿಸ್ಕೊಂಡ್ಬಿಡ್ತಾರೇನೋ..."

"ನಿಮ್ಮನ್ನ ಸೇರಿಸ್ಕೊಂಡು ಅವರು ಬದುಕಬೇಕಲ್ಲಕ್ಕ," ಅಂದ್ರು ಆರೋಗ್ಯಮ್ಮ.

ಬೆಟ್ಟದ ಹೆಸರು ನಾನು ಹೇಳಲ್ಲ. ನಂಬಿ ಹೋಗೋ ಜನ ಇದಾರೆ, ಅವರ ಮನಸ್ಸಿಗೆ ಯಾಕೆ ಕಿರಿಕಿರಿ. ಮಾಗಡಿ ರೋಡಲ್ಲಿ ಊರು ದಾಟಿ ಹೋಗ್ಬೇಕು ಅಂತಿಟ್ಕೊಳ್ಳಿ. ಇನ್ನೂರು ವರ್ಷದ ಹಿಂದೆ ಯಾರೋ ಪರದೇಶದ ಪಾದ್ರಿ ಬಂಡೆ ಮೇಲೆ ಕಟ್ಟಿಸಿದ ಸಣ್ಣ ಕಲ್ಲು ಗುಡಿ. ಒಳಗೆ ನೀಲಿ ಸೆರಗಿನ ಮಾತೆ. ಕೆಳಗಿಂದ ಮೇಲಿನ ತನಕ ಮೆಟ್ಟಿಲ ಪಕ್ಕ ಹದಿನಾಲ್ಕು ಕಡೆ ಕಲ್ಲಿನ ಶಿಲುಬೆ ನೆಟ್ಟಿದಾರೆ. ಯೇಸುಸ್ವಾಮಿ ಶಿಲುಬೆ ಹೊತ್ಕೊಂಡು ನಡೆದ ಹಾದಿ ಅದು. ಒಂದೊಂದು ಕಡೇನೂ ನಿಂತು, ಮೇಣದಬತ್ತಿ ಹಚ್ಚಿ, ಮನಸ್ಸಲ್ಲಿ ಇರೋದನ್ನ ಹೇಳ್ಕೊಂಡು ಹತ್ತಬೇಕು.

ಅಂಜನಮ್ಮ ಒಪ್ಪಿದ್ದು ಭಕ್ತಿಯಿಂದಲ್ಲ. ಅಷ್ಟು ಮೆಟ್ಟಿಲು ಬರಿಗಾಲಲ್ಲಿ ಹತ್ತಿದ್ರೆ, ಕಾಲು ನೋವಿಗೆ 'ಅಮ್ಮಾ' ಅಂತಾದ್ರೂ ಅಂದೇ ಅಂತಾಳೆ. ಸಿಕ್ಕಿಬೀಳ್ತಾಳೆ. ಅವರ ಲೆಕ್ಕಾಚಾರ ಇದು.

ಒಂದು ಶನಿವಾರ ಮಧ್ಯಾಹ್ನ ಊಟ ಮಾಡಿ, ಸುಂಕದಕಟ್ಟೇಲಿ ಬಸ್ ಹತ್ತಿದ್ರು ಇಬ್ರೂ. ಆರೋಗ್ಯಮ್ಮನಿಗೆ ಗಾರ್ಮೆಂಟ್ಸಲ್ಲಿ ಓಟಿ ಇತ್ತು, ಬರ್ಲಿಲ್ಲ. ಬೆಟ್ಟದ ಬುಡಕ್ಕೆ ಹೋಗೋ ಹೊತ್ತಿಗೆ ನಾಲ್ಕು ಗಂಟೆ.

ಮೆಟ್ಟಿಲ ಬುಡದಲ್ಲಿ ಒಬ್ಬ ಮುದುಕ ಗೋಣಿಚೀಲ ಹಾಸ್ಕೊಂಡು ಮೇಣದಬತ್ತಿ ಮಾರ್ತಿದ್ದ. ಒಂದು ಕಟ್ಟು ಕೊಟ್ಟು, ತಲೆ ಎತ್ತದೇನೇ ಹೇಳ್ದ.

"ಸಾಯಂಕಾಲದ ಗಂಟೆ ಹೊಡೆಯೋಕೆ ಮುಂಚೆ ಇಳಿದ್ಬಿಡಿ ತಾಯಿ. ತಡ ಆದ್ರೆ... ಒಂಬತ್ತನೇ ಶಿಲುಬೆ ಹತ್ರ ಯಾರಾದ್ರೂ ಕೂಗಿದ್ರೆ ಓಗೊಡಬೇಡಿ."

"ಯಾಕೆ? ಯಾರು ಕೂಗ್ತಾರೆ?"

"ಓಗೊಡಬೇಡಿ ಅಷ್ಟೇ."

ಇವನು ಇನ್ನೊಂದು ಕಟ್ಟು ತಲೆಗೆ ಕಟ್ಟೋಕೆ ಹೆದರಿಸ್ತಿದಾನೆ ಅಂತ ಅಂಜನಮ್ಮ ಅಂದ್ಕೊಂಡ್ರು. ಚಪ್ಪಲಿ ಅವನ ಹತ್ರ ಬಿಡೋಕೂ ಮನಸ್ಸಾಗ್ಲಿಲ್ಲ, ಚೀಲಕ್ಕೆ ಹಾಕ್ಕೊಂಡ್ರು.

ಹತ್ತೋವಾಗ ಅವರ ಕಣ್ಣು ಶಿಲುಬೆ ಮೇಲೆ ಇರ್ಲಿಲ್ಲ. ತಂಗಿ ತುಟಿ ಮೇಲಿತ್ತು. ಬಿಸಿಲಿಗೆ ಕಾದ ಕಲ್ಲು ಕಾಲನ್ನ ಚುರ್ ಅನ್ನಿಸ್ತಿತ್ತು. ಚಿಕ್ಕಗಂಗಮ್ಮ ತುಟಿ ಕಚ್ಚಿಕೊಂಡು ಹತ್ತಿದ್ಳು. ಪ್ರತಿ ಶಿಲುಬೆ ಹತ್ರಾನೂ ಬತ್ತಿ ಹಚ್ಚಿ ಕಣ್ಣು ಮುಚ್ಚೋಳು. ತುಟಿ ಅಲ್ಲಾಡೋದು. ಅಂಜನಮ್ಮ ಬತ್ತಿ ಹಚ್ಚೋ ನೆಪದಲ್ಲಿ ಕಿವಿ ಹತ್ರ ಬಗ್ಗೋರು. ಗಾಳಿಗೆ ನೀಲಗಿರಿ ಎಲೆ ಸುಯ್ ಅನ್ನೋದು, ಬತ್ತಿ ಚಟ್ ಅನ್ನೋದು. ಮಾತಿಲ್ಲ.

ಮೇಲೆ ಹೋದ್ರು. ಕೈ ಮುಗಿದ್ರು. ಗುಡಿ ಹಿಂದೆ ಒಂದು ದೊಡ್ಡ ಬಂಡೆ. ಅಲ್ಲಿ ಅಂಜನಮ್ಮನಿಗೆ ಇನ್ನೊಂದು ಉಪಾಯ ಹೊಳೀತು. ತಂಗಿ ಕಣ್ಣು ಮುಚ್ಚಿ ಕೂತಿದ್ದಾಗ ಮೆಲ್ಲಗೆ ಎದ್ದು ಬಂಡೆ ಮರೆಗೆ ಹೋದ್ರು. ಕಣ್ಣು ಬಿಟ್ಟಾಗ ಅಕ್ಕ ಕಾಣ್ಲಿಲ್ಲ ಅಂದ್ರೆ ಕೂಗ್ತಾಳೆ ನೋಡೋಣ ಅಂತ.

ಹತ್ತು ನಿಮಿಷ... ಇಪ್ಪತ್ತು ನಿಮಿಷ...

ಚಿಕ್ಕಗಂಗಮ್ಮ ಕಣ್ಣು ಬಿಟ್ಳು. ಸುತ್ತ ನೋಡಿದ್ಳು. ಎದ್ದು ಗುಡಿ ಒಂದು ಸುತ್ತು ಹಾಕಿದ್ಳು. ಕೈ ಚಪ್ಪಾಳೆ ತಟ್ಟಿದ್ಳು, ಟಪ್... ಟಪ್... ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಮೊಣಕಾಲಿಗೆ ಮುಖ ಇಟ್ಟು ಅತ್ತಳು. ಭುಜ ಕುಣೀತಿತ್ತು. ಸದ್ದಿಲ್ಲ.

ಆ ಹೊತ್ತಿಗೆ ಗಂಟೆ ಹೊಡೀತು. ಆ ಗಂಟೆ ಎಲ್ಲೋ ಸೀಳಿದೆ, ಠಣ್ ಅನ್ನಲ್ಲ, ಠಕ್ಕ್... ಅನ್ನುತ್ತೆ. ಅಂಜನಮ್ಮ ಮರೆಯಿಂದ ಈಚೆ ಬಂದ್ರು. ತಂಗಿ ಏನೂ ಕೇಳ್ಲಿಲ್ಲ, ಕೇಳೋ ಹಾಗೂ ಇಲ್ಲ. ಸೆರಗಲ್ಲಿ ಮುಖ ಒರೆಸ್ಕೊಂಡು ಅಕ್ಕನ ಕೈ ಹಿಡ್ಕೊಂಡ್ಳು. ಬಂದಿದ್ದ ಜನ ಎಲ್ಲ ಇಳಿದು ಹೋಗಿದ್ರು.

ಕತ್ತಲು ಬೇಗ ಬಂತು. ಮೆಟ್ಟಿಲ ಪಕ್ಕದ ಲೈಟು ಒಂದೂ ಹತ್ತಿರ್ಲಿಲ್ಲ. ಅಂಜನಮ್ಮ ಬಲಗೈಲಿ ಮೊಬೈಲ್ ಟಾರ್ಚ್, ಎಡಗೈಲಿ ತಂಗಿ ಕೈ. ಹದಿಮೂರು... ಹನ್ನೆರಡು... ಶಿಲುಬೆಗಳು ಒಂದೊಂದಾಗಿ ಬೆಳಕಿಗೆ ಬಂದು ಹಿಂದೆ ಹೋಗ್ತಿದ್ವು. ಹತ್ತು ದಾಟಿದ್ರು. ಹಾದಿ ಅಲ್ಲಿ ಬಂಡೆ ಸುತ್ತಿ ತಿರುಗುತ್ತೆ. ಆ ತಿರುವಲ್ಲೇ ಒಂಬತ್ತು.

ಆಗ ಕೇಳ್ತು.

ತಗ್ಗಿದ ದನಿ. ಯಾರೋ ಫೋನಲ್ಲಿ ಮಾತಾಡೋ ಹಾಗೆ. ಹೆಂಗಸಿನ ದನಿ... ಸ್ವಲ್ಪ ಮೂಗಲ್ಲಿ ಆಡೋದು, ಕೊನೇ ಅಕ್ಷರ ಎಳೆಯೋದು.

ಅದು ಚಿಕ್ಕಗಂಗಮ್ಮನ ದನಿ.

ಅಂಜನಮ್ಮನಿಗೆ ಭಯ ಆಗ್ಲಿಲ್ಲ ಮೊದಲು. ಸಿಕ್ಕಿಬಿದ್ದಳು ಅಂದ್ಕೊಂಡ್ರು. ಸರಕ್ಕನೆ ತಿರುಗಿ ತಂಗಿ ಮುಖಕ್ಕೆ ಟಾರ್ಚ್ ಹಿಡಿದ್ರು.

ಚಿಕ್ಕಗಂಗಮ್ಮನ ಬಾಯಿ ಮುಚ್ಚಿತ್ತು.

ದನಿ ಇನ್ನೂ ಬರ್ತಾನೇ ಇತ್ತು. ತಿರುವಿನ ಆಚೆಯಿಂದ.

"ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದೀಯಾ? ಕೊಡಿಲ್ಲಿ," ಅಂತ ಅಂಜನಮ್ಮ ತಂಗಿ ಕೈಚೀಲ ಕಿತ್ಕೊಂಡ್ರು. ಒಳಗೆ ಗುಂಡಿ ಒತ್ತೋ ಹಳೇ ಫೋನು. ಚಾರ್ಜ್ ಇಲ್ಲ, ಆಫ್ ಆಗಿತ್ತು. ಬ್ಯಾಟರಿ ಕಿತ್ತು ನೋಡಿದ್ರು. ಕೈಯಲ್ಲಿ ಬ್ಯಾಟರಿ ಇದೆ... ದನಿ ನಿಂತಿಲ್ಲ. ಹತ್ತಿರ ಬರ್ತಿದೆ. ಈಗ ಮಾತು ಬಿಡಿಸಿ ಕೇಳಿಸ್ತು.

"ಅಕ್ಕಾ... ಎತ್ತಕ್ಕಾ... ಒಂದ್ಸಲ ಫೋನ್ ಎತ್ತಕ್ಕಾ..."

ಅಂಜನಮ್ಮ ಫೋನು, ಬ್ಯಾಟರಿ ಎರಡನ್ನೂ ಚೀಲಕ್ಕೆ ತುರುಕಿ ಮತ್ತೆ ತಂಗಿ ಕೈ ಹಿಡ್ಕೊಂಡ್ರು.

ಅವರು ಯಾರಿಗೂ ಹೇಳದೇ ಇದ್ದ ಒಂದು ವಿಷಯ ಇತ್ತು. ಮುನಿರಾಮಯ್ಯ ಸತ್ತ ರಾತ್ರಿ ಚಿಕ್ಕಗಂಗಮ್ಮ ಅಕ್ಕನಿಗೆ ಫೋನ್ ಮಾಡಿದ್ಳು. ಒಂದಲ್ಲ, ನಾಲ್ಕು ಸಲ. ಅಂಜನಮ್ಮನ ಮನೇಲಿ ಕಾರಿತ್ತು, ಓಡಿಸೋಕೆ ಮಗ ಇದ್ದ. ಕಾಲು ಗಂಟೇಲಿ ಹೆಗ್ಗನಹಳ್ಳಿ ಸೇರಬಹುದಿತ್ತು. ಆದ್ರೆ ಆಗ ಅಕ್ಕ ತಂಗಿಗೆ ಮಾತಿರ್ಲಿಲ್ಲ, ಅವ್ವನ ತಾಮ್ರದ ಹಂಡೆ ಯಾರಿಗೆ ಅಂತ ಜಗಳ ಆಗಿತ್ತು. ಫೋನು ಮರದ ಸ್ಟೂಲ್ ಮೇಲೆ ಗ್ರ್ರ್... ಗ್ರ್ರ್... ಅಂತು. ಹೆಸರು ನೋಡಿದ್ರು ಅಂಜನಮ್ಮ. ಅರ್ಧ ರಾತ್ರೀಲಿ ಜಗಳ ಆಡೋಕೆ ಮಾಡ್ತಿದಾಳೆ ಅಂದ್ಕೊಂಡು ಫೋನನ್ನ ಕವುಚಿ ಹಾಕಿ ಮಲಗಿದ್ರು. ಬೆಳಿಗ್ಗೆ ಸುದ್ದಿ ಬಂದಾಗ, "ನನ್ನ ಫೋನಿಗೆ ಚಾರ್ಜೇ ಇರ್ಲಿಲ್ಲ" ಅಂತ ಎಲ್ರ ಮುಂದೆ ಹೇಳಿದ್ರು. ಅದನ್ನ ಕೇಳ್ದಾಗ್ಲೇ ತಂಗಿ ಅವರ ಮುಖ ನೋಡಿದ್ದು.

ಎಂಟು ತಿಂಗಳಿಂದ ಅವರನ್ನ ಕೊರೀತಿದ್ದಿದ್ದು ಅದೇ. ಇವಳಿಗೆ ಗೊತ್ತಾ? ಗೊತ್ತಿದ್ದೇ ಬಾಯಿ ಮುಚ್ಕೊಂಡು ನನ್ನನ್ನ ಸಾಯಿಸ್ತಿದಾಳಾ?

"ಎತ್ತಕ್ಕಾ... ಇವ್ರು ಮಾತಾಡ್ತಿಲ್ಲಕ್ಕಾ... ಕೈಯೆಲ್ಲ ತಣ್ಣಗಾಗ್ತಿದೆ..."

ದನಿ ಈಗ ತಿರುವಲ್ಲೇ. ಶಿಲುಬೆ ಪಕ್ಕದಲ್ಲೇ. ಟಾರ್ಚ್ ಆ ಕಡೆ ಬಿಟ್ರು. ಕಲ್ಲಿನ ಶಿಲುಬೆ. ಕೆಳಗೆ ಸಾಯಂಕಾಲ ತಾವೇ ಹಚ್ಚಿದ ಬತ್ತಿ ಕರಗಿ ಬಿದ್ದಿದ್ದು. ಬೇರೇನಿಲ್ಲ.

ಚಿಕ್ಕಗಂಗಮ್ಮನಿಗೂ ಕೇಳ್ತಿತ್ತು. ತನ್ನ ದನಿ ತಾನೇ ಕೇಳಿ ಅಕ್ಕನ ಪಕ್ಕಕ್ಕೆ ಒತ್ಕೊಂಡ್ಳು.

ಒಂದು ಕ್ಷಣ ದನಿ ನಿಲ್ತು. ಆಮೇಲೆ ಬಂತು. ಈ ಸಲ ಅಳು ಇರ್ಲಿಲ್ಲ ಅದರಲ್ಲಿ. ಮೆತ್ತಗೆ, ಗುಟ್ಟು ಹೇಳೋ ಹಾಗೆ.

"ಅಕ್ಕಾ... ಅವಳ ಕೈ ಬಿಡು. ಅವಳು ನಾನಲ್ಲ."

ಅಂಜನಮ್ಮ ಕೈ ನೋಡಿದ್ರು. ಅವರ ಎಡಗೈಲಿದ್ದ ಕೈ ತಣ್ಣಗಿತ್ತು. ಬೆವತಿತ್ತು.

"ನಾನು ಎಂಟು ತಿಂಗಳಿಂದ ಹೊರಗಿದೀನಿ ಅಕ್ಕಾ... ನಿನ್ನ ಮನೇಲಿ ಮಲಗೋಳು ಯಾರು ಅಂತ ನೋಡಿದೀಯಾ..."

ಕೇಳಿ, ಇಲ್ಲೇ ಇರೋದು ಕತೆ. ಬೇರೆಯವ್ರಾಗಿದ್ರೆ ಛೆ, ಇದೆಂಥ ಮಾತು ಅಂತಿದ್ರು. ಅಂಜನಮ್ಮನಿಗೆ ಹಂಗಲ್ಲ. ಅವರಿಗೆ ಮೊದ್ಲೇ ಅನುಮಾನ ಇತ್ತು. ಈ ಮಾತಾಡದ ಹೆಂಗಸು, ರಾತ್ರಿ ಕನವರಿಸದ ಹೆಂಗಸು, ನಾಯಿ ಹಾರಿದ್ರೂ ಕೂಗದ ಹೆಂಗಸು... ಹೌದಲ್ಲ, ಯಾರಿದು? ಆ ದನಿ ಮಾತ್ರ ಖಂಡಿತ ತಂಗೀದೇ. ಹಾಲು ಕುಡಿಯೋ ಕೂಸಿಂದ ಕೇಳಿದ ದನಿ.

ಟಾರ್ಚನ್ನ ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದ್ರು. ಚಿಕ್ಕಗಂಗಮ್ಮ ಅಕ್ಕನ್ನೇ ನೋಡ್ತಿದ್ಳು. ಬೇಡ್ಕೊಳ್ಲಿಲ್ಲ. ತಲೆ ಅಲ್ಲಾಡಿಸಿ ಇಲ್ಲ ಅನ್ಲಿಲ್ಲ. ಹಿಡಿದಿದ್ದ ಕೈಯನ್ನ ಮೆಲ್ಲಗೆ ಸಡಿಲ ಬಿಟ್ಳು. ಬಿಡೋದಾದ್ರೆ ಬಿಡು ಅನ್ನೋ ಹಾಗೆ.

ಅಷ್ಟರಲ್ಲಿ ಅಂಜನಮ್ಮ ಆ ಕೈಯನ್ನ ಮತ್ತೆ ಗಪ್ಪಂತ ಹಿಡ್ಕೊಂಡ್ರು. ಬಳೆ ಒಡೆದು ಚರಕ್ ಅಂತು.

"ನೋಡ್ದೆ ಕಣೇ," ಅಂದ್ರು. ತಂಗಿ ಮುಖಕ್ಕೆ ಮುಖ ಕೊಟ್ಟು, ಪಿಸುಮಾತಲ್ಲಿ. "ನಾಲ್ಕು ಸಲಾನೂ ನೋಡ್ದೆ. ಚಾರ್ಜ್ ಇತ್ತು. ಬೇಕಂತ್ಲೇ ಎತ್ತಲಿಲ್ಲ."

ಗಾಳಿ ನಿಂತಿತ್ತು. ನೀಲಗಿರಿ ಎಲೆ ಅಲ್ಲಾಡ್ಲಿಲ್ಲ.

ಶಿಲುಬೆ ಹತ್ರದಿಂದ ಒಂದು ಸಲ ಉಸಿರು ಒಳಗೆ ಎಳ್ಕೊಂಡ ಸದ್ದು ಬಂತು. ಹಸ್ಸ್... ಅಂತ. ಅಷ್ಟೇ. ಮತ್ತೆ ದನಿ ಬರ್ಲಿಲ್ಲ.

ಉಳಿದ ಮೆಟ್ಟಿಲು ಹೆಂಗೆ ಇಳಿದ್ರೋ ಅವರಿಗೇ ಗೊತ್ತಿಲ್ಲ. ಬುಡದಲ್ಲಿ ಮುದುಕ ಗೋಣಿಚೀಲ ಮಡಚಿ, ಲಾಟೀನು ಇಟ್ಕೊಂಡು ಕೂತಿದ್ದ. ಇವರನ್ನ ನೋಡಿ ಎದ್ದ.

"ಓಗೊಟ್ರಾ ತಾಯಿ?"

"ಇಲ್ಲ," ಅಂದ್ರು ಅಂಜನಮ್ಮ.

"ಏನಾದ್ರೂ ಮಾತಾಡಿದ್ರಾ?"

"ಇವಳ ಜೊತೆ ಮಾತಾಡ್ದೆ. ನನ್ನ ತಂಗಿ ಜೊತೆ."

ಮುದುಕ ಲಾಟೀನು ಎತ್ತಿ ಚಿಕ್ಕಗಂಗಮ್ಮನ ಮುಖ ನೋಡ್ದ. ಬಹಳ ಹೊತ್ತು ನೋಡ್ದ. ಒಂದು ಲೋಟ ನೀರು ಕೊಟ್ಟು, ಅವಳು ಕುಡಿಯೋ ತನಕ ಕಣ್ಣು ತೆಗೀಲಿಲ್ಲ. ಆಮೇಲೆ ಮೇಣದಬತ್ತಿಗೆ ಕೊಟ್ಟ ದುಡ್ಡನ್ನ ವಾಪಸ್ ಅಂಜನಮ್ಮನ ಕೈಗಿಟ್ಟ.

ಬಸ್ಸಲ್ಲಿ ಅಕ್ಕ ತಂಗಿ ಪಕ್ಕ ಪಕ್ಕ ಕೂತ್ರು. ಖಾಲಿ ಬಸ್ಸು, ಕಿಟಕಿ ಗಾಜು ಟರ ಟರ ಅಂತಿತ್ತು. ಸುಂಕದಕಟ್ಟೆ ಇನ್ನೇನು ಬರ್ಬೇಕು, ಅಂಜನಮ್ಮನ ಕಿವಿ ಹತ್ರ...

"ಗೊತ್ತಿತ್ತು ಬಿಡಕ್ಕಾ."

ಚಿಕ್ಕಗಂಗಮ್ಮನ ದನಿ. ಸ್ವಲ್ಪ ಮೂಗಲ್ಲಿ. ಕೊನೇ ಅಕ್ಷರ ಎಳೆದು.

ಅಂಜನಮ್ಮ ಸ್ಟಾಪ್ ಬಂದ್ರೂ ಇಳೀಲಿಲ್ಲ. ತಂಗಿ ತೊಡೆ ಮೇಲೆ ತಲೆ ಇಟ್ಟು ಅತ್ತು ಅತ್ತು, ಮುಂದಿನ ಸ್ಟಾಪಲ್ಲಿ ಕಂಡಕ್ಟ್ರೇ ಕೈ ಹಿಡಿದು ಇಳಿಸಿದ್ರಂತೆ.

ಮಾರನೇ ದಿನ ನಮ್ಮ ಬೀದೀಲಿ ಹಬ್ಬ. ಆರೋಗ್ಯಮ್ಮ ಮನೆ ಮುಂದೆ ದೀಪ ಹಚ್ಚಿದ್ರು. ಚಿಕ್ಕಗಂಗಮ್ಮ ಎಲ್ರನ್ನೂ ಮಾತಾಡಿಸಿದ್ಳು, ಎಂಟು ತಿಂಗಳ ಬಾಕಿ ಎಲ್ಲ ತೀರಿಸೋ ಹಾಗೆ. ತರಕಾರಿಯವನ ಹತ್ರ ಚೌಕಾಸಿ ಮಾಡಿದ್ಳು. ಗಂಡನ ಹೆಸರು ಹೇಳ್ಕೊಂಡು ಜೋರಾಗಿ, ಹಾಡಿ ಹೇಳ್ಕೊಂಡು ಅತ್ತಳು. ಅಂಜನಮ್ಮ ಮಗನ್ನ, ಸೊಸೇನ, ನೆಂಟರನ್ನ ಕೂರಿಸ್ಕೊಂಡು ಫೋನಿನ ವಿಷಯ ಎಲ್ಲಾ ಹೇಳಿಬಿಟ್ರು. ಬೈಸ್ಕೊಂಡ್ರು. ಬೈಸ್ಕೊಂಡು ಹಗುರ ಆದ್ರು. ಅಕ್ಕ ತಂಗಿ ಈಗ್ಲೂ ಒಂದೇ ಮನೇಲಿ, ಒಂದೇ ತಟ್ಟೇಲಿ ಊಟ ಮಾಡೋ ಹಾಗಿದಾರೆ.

ಆದ್ರೆ ಅಂಜನಮ್ಮನ ಸ್ವಭಾವ ಗೊತ್ತಲ್ಲ. ಒಂದು ಸಂಜೆ ನನ್ನ ಹತ್ರ ಹೂ ಕಟ್ತಾ ಕಟ್ತಾ ಕೇಳಿದ್ರು.

"ಗಂಗಿ ಮಾತಾಡೋವಾಗ... ದನಿ ಸ್ವಲ್ಪ ಹಿಂದಿಂದ ಬಂದ ಹಾಗಿರುತ್ತಾ?"

"ಸುಮ್ನಿರಿ ಅಂಜನಮ್ಮನೋರೆ," ಅಂದೆ. ಆಗ ಆ ಮಾತನ್ನ ನಾನು ನಂಬಿರ್ಲಿಲ್ಲ.

ಮೊನ್ನೆ ಶ್ರಾವಣ ಮುಗಿದ ಮೇಲೆ ಅವರ ಮನೇಲಿ ಮೀನು ಮಾಡಿದ್ರು. ಚಿಕ್ಕಗಂಗಮ್ಮನ ಗಂಟಲಿಗೆ ಮುಳ್ಳು ಸಿಕ್ಕಿಕೊಳ್ತು. ಚಂದ್ರಾ ಲೇಔಟಲ್ಲಿ ಗಂಟಲು ನೋಡೋ ಡಾಕ್ಟ್ರ ಹತ್ರ ಹೋದ್ವಿ. ನಾನೂ ಹೋಗಿದ್ದೆ, ಅದಕ್ಕೇ ಹೇಳ್ತಿರೋದು, ಇದು ಕೇಳಿದ್ದಲ್ಲ, ಕಣ್ಣಾರೆ ಕಂಡಿದ್ದು. ಡಾಕ್ಟ್ರಿಗೆ ಇವರ ಸಮಾಚಾರ ಒಂದೂ ಗೊತ್ತಿಲ್ಲ. ಮುಳ್ಳಿನ ವಿಷಯ ಅಂಜನಮ್ಮನೇ ಹೇಳಿದ್ರು. ಡಾಕ್ಟ್ರು ಚಿಕ್ಕಗಂಗಮ್ಮನ ಮೂಗಲ್ಲಿ ಸಣ್ಣ ಕ್ಯಾಮೆರಾ ಪೈಪ್ ಬಿಟ್ಟು, ಪಕ್ಕದ ಟೀವೀಲಿ ಗಂಟಲು ನೋಡ್ತಾ ಕೂತ್ರು. ಒಳಗೆ ಎರಡು ಬಿಳೀ ಪಟ್ಟಿ ಕಾಣ್ತಿತ್ತು. ಮಾತಾಡೋವಾಗ ಅವು ಒಂದಕ್ಕೊಂದು ತಾಗಿ ಅದುರಬೇಕಂತೆ.

ಡಾಕ್ಟ್ರು ಟೀವಿ ಮೇಲೆ ಬೆರಳಿಟ್ಟು, ತಿರುಗಿ ನೋಡದೇನೇ ಅಂಜನಮ್ಮನ್ನ ಕೇಳಿದ್ರು.

"ಇವ್ರಿಗೆ ಮಾತು ನಿಂತು ಎಷ್ಟು ದಿನ ಆಯ್ತಮ್ಮ?"

"ನಾನು ಮಾತಾಡ್ತೀನಲ್ಲ ಡಾಕ್ಟ್ರೇ," ಅಂದ್ಳು ಚಿಕ್ಕಗಂಗಮ್ಮ.

ಟೀವೀಲಿ ಆ ಎರಡು ಪಟ್ಟಿ ಬಿಟ್ಟ ಹಾಗೇ ಬಿಟ್ಟಿದ್ವು. ಒಂಚೂರೂ ಅಲ್ಲಾಡ್ಲಿಲ್ಲ.